ಅಕ್ಷರ ಗೊತ್ತಿದೆ, ಪದ ಸಿಗುತ್ತಿಲ್ಲ: ಅರೇಬಿಕ್ ಓದು ಮತ್ತು ಟೈಪಿಂಗ್‌ನ ದೋಷ ನಿವಾರಣೆ

ಅರೇಬಿಕ್‌ನ 28 ಅಕ್ಷರಗಳನ್ನು ಪಟ್ಟಿಯ ಕ್ರಮದಲ್ಲಿ ಕಲಿಯುವುದು ಅಷ್ಟೇನೂ ಕಷ್ಟವಲ್ಲ. ತೊಡಕು ಶುರುವಾಗುವುದು ಆ ಅಕ್ಷರಗಳು ಒಂದಕ್ಕೊಂದು ಕೂಡಿ ಪದವಾದಾಗ, ಅಥವಾ ಅದೇ ಪದವನ್ನು ಕೀಲಿಮಣೆಯಲ್ಲಿ ಒತ್ತಿದರೆ ತೆರೆಯ ಮೇಲೆ ಇನ್ನೇನೋ ಮೂಡಿದಾಗ. ಆಗ ಹೆಚ್ಚಿನವರು ಅಳಿಸಿ ಮತ್ತೆ ಟೈಪಿಸುತ್ತಾರೆ. ಅದೂ ಫಲಿಸದಿದ್ದರೆ ಹೊಸ ಫಾಂಟ್ ಹುಡುಕುತ್ತಾರೆ. ದೋಷ ಎಲ್ಲಿದೆ ಎಂದು ತಿಳಿಯದೆ ಮಾಡುವ ಇಂಥ ರಿಪೇರಿಯಿಂದ ಸರಿಯಾಗಿದ್ದ ಪಠ್ಯವೇ ಕೆಟ್ಟುಹೋಗುವುದುಂಟು.

ದೋಷ ಇರಬಹುದಾದ ಜಾಗಗಳು ಮೂರು: ಕಣ್ಣು, ಬೆರಳು, ಯಂತ್ರ. ಯಾವುದೆಂದು ಗುರುತಿಸಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ತೊಂದರೆ ಕೊಡುತ್ತಿರುವ ಪದವನ್ನು ನಕಲಿಸಿ ಇನ್ನೊಂದು ಸಾಧನದಲ್ಲಿ, ಉದಾಹರಣೆಗೆ ಫೋನಿನ ಬ್ರೌಸರ್‌ನಲ್ಲಿ, ಅಂಟಿಸಿ ನೋಡಿ. ಅಲ್ಲಿ ಸರಿಯಾಗಿ ಕಂಡರೆ ಪಠ್ಯ ಸರಿಯಿದೆ, ಮೊದಲ ತಂತ್ರಾಂಶ ಅದನ್ನು ಚಿತ್ರಿಸುವಲ್ಲಿ ಎಡವುತ್ತಿದೆ. ಎರಡೂ ಕಡೆ ಒಂದೇ ತಪ್ಪು ಕಂಡರೆ ಒಳಗೆ ಕೂತಿರುವ ಅಕ್ಷರವೇ ತಪ್ಪು. ಎರಡೂ ಕಡೆ ಸರಿಯಾಗಿ ಕಾಣುತ್ತಿದೆ, ಆದರೂ ಓದಲಾಗುತ್ತಿಲ್ಲ ಎಂದಾದರೆ ಪಳಗಬೇಕಾದದ್ದು ಕಣ್ಣು.

ಮುಂದಿನದೆಲ್ಲಕ್ಕೂ ಆಧಾರವಾದ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಯಂತ್ರ ನೆನಪಿಟ್ಟುಕೊಳ್ಳುವುದು ಅಕ್ಷರವನ್ನು; ಫಾಂಟ್ ಬರೆದು ತೋರಿಸುವುದು ಆಕಾರವನ್ನು. ಕನ್ನಡದ 'ಅಮ್ಮ' ಎಂಬ ಪದದಲ್ಲಿ ಎರಡನೆಯ 'ಮ' ಒತ್ತಕ್ಷರವಾಗಿ ಕೆಳಗಿಳಿದರೂ ಅದು 'ಮ'ಕಾರವೇ ಆಗಿರುವಂತೆ, ಅರೇಬಿಕ್‌ನ 'ಬಾ' ಪದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಮತ್ತು ಒಂಟಿಯಾಗಿ ನಾಲ್ಕು ರೂಪ ತಾಳಿದರೂ ಒಳಗೆ ಒಂದೇ ಸಂಕೇತವಾಗಿ ಉಳಿಯುತ್ತದೆ. ಕೀಲಿಮಣೆಯಲ್ಲಿ 'ನಡುವಿನ ಬಾ' ಎಂಬ ಬೇರೆ ಕೀ ಇಲ್ಲ, ಅದನ್ನು ಹುಡುಕಬೇಕಾಗಿಯೂ ಇಲ್ಲ.

ಲಕ್ಷಣ: ಬಿಡಿ ಅಕ್ಷರ ಗುರುತು ಸಿಗುತ್ತದೆ, ಪದದೊಳಗೆ ಕಳೆದುಹೋಗುತ್ತದೆ

ಇದು ಎಲ್ಲರಿಗೂ ಬರುವ ತೊಂದರೆ, ಮತ್ತು ಇದರ ಮೂಲ ಬಹುಮಟ್ಟಿಗೆ ಚುಕ್ಕೆಗಳಲ್ಲಿದೆ. ಬಾ, ತಾ, ಥಾ, ನೂನ್, ಯಾ ಎಂಬ ಐದು ಅಕ್ಷರಗಳು ಪದದ ಮೊದಲಲ್ಲಿ ಅಥವಾ ನಡುವೆ ಬಂದಾಗ ಎಲ್ಲವೂ ಒಂದೇ ಪುಟ್ಟ ಹಲ್ಲಿನಂತೆ ಮೇಲೇಳುತ್ತವೆ. ಕೆಳಗೆ ಒಂದು ಚುಕ್ಕೆಯಿದ್ದರೆ ಬಾ, ಎರಡಿದ್ದರೆ ಯಾ. ಮೇಲೆ ಒಂದಿದ್ದರೆ ನೂನ್, ಎರಡಿದ್ದರೆ ತಾ, ಮೂರಿದ್ದರೆ ಥಾ.

ಮೂರು ಪದಗಳನ್ನು ಹತ್ತಿರದಿಂದ ನೋಡೋಣ. 'ಬೈತ್' ಎಂದರೆ ಮನೆ: ಬಾ, ಯಾ, ತಾ. 'ಬಿಂತ್' ಎಂದರೆ ಹುಡುಗಿ ಅಥವಾ ಮಗಳು: ಬಾ, ನೂನ್, ತಾ. 'ನಬ್ತ್' ಎಂದರೆ ಸಸ್ಯ: ನೂನ್, ಬಾ, ತಾ. ಚುಕ್ಕೆಗಳನ್ನು ಬೆರಳಿನಿಂದ ಮುಚ್ಚಿದರೆ ಮೂರೂ ಪದಗಳು ಒಂದೇ: ಬಲದಿಂದ ಎರಡು ಹಲ್ಲು, ಕೊನೆಗೆ ದೋಣಿಯಂತೆ ಚಾಚಿದ ಒಂದು ಗೆರೆ. ಬಿಂತ್ ಮತ್ತು ನಬ್ತ್‌ಗಳಲ್ಲಿ ಚುಕ್ಕೆಗಳ ಒಟ್ಟು ಸಂಖ್ಯೆಯೂ ಒಂದೇ. ಒಂದರಲ್ಲಿ ಮೊದಲ ಹಲ್ಲಿನ ಚುಕ್ಕೆ ಕೆಳಗೆ, ಎರಡನೆಯದರದು ಮೇಲೆ. ಇನ್ನೊಂದರಲ್ಲಿ ಅದು ತಲೆಕೆಳಗು. ಈ ಮೂರನ್ನು ತಪ್ಪಿಲ್ಲದೆ ಬೇರ್ಪಡಿಸಬಲ್ಲವರಿಗೆ ಉಳಿದ ಹಲ್ಲುಗಳು ಹೆದರಿಸುವುದಿಲ್ಲ.

ಮೊದಲು ಮಾಡಬೇಕಾದದ್ದು ಅತ್ಯಂತ ಸರಳ: ಅಕ್ಷರದ ಗಾತ್ರವನ್ನು ಹೆಚ್ಚಿಸಿ. ಕನ್ನಡಕ್ಕೆ ಸಾಕಾಗುವ ಗಾತ್ರದಲ್ಲಿ ಅರೇಬಿಕ್ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡು ಎರಡು ಯಾವುದು, ಮೂರು ಯಾವುದು ಎಂದು ತಿಳಿಯುವುದಿಲ್ಲ. ಆಮೇಲೆ ಪುಸ್ತಕ ಮುದ್ರಣದಲ್ಲಿ ಕಾಣುವ, ಸ್ಪಷ್ಟವಾದ ನಸ್ಖ್ ಶೈಲಿಯ ಫಾಂಟ್ ಆರಿಸಿಕೊಳ್ಳಿ. ಅಮೀರಿ, ನೋಟೋ ನಸ್ಖ್ ಅರೇಬಿಕ್, ಶೆಹರಜಾದ್ ನ್ಯೂ ಮೂರೂ ಉಚಿತವಾಗಿ ಸಿಗುತ್ತವೆ. ಕೈಬರಹದ ರುಕಾ ಶೈಲಿಯಲ್ಲಿ ಎರಡು ಚುಕ್ಕೆ ಒಂದು ಸಣ್ಣ ಅಡ್ಡಗೆರೆಯಾಗುತ್ತದೆ, ಮೂರು ಚುಕ್ಕೆ ಮಡಚಿದ ಕೊಕ್ಕೆಯಂತಾಗುತ್ತದೆ, ಸೀನ್‌ನ ಹಲ್ಲುಗಳು ಸವೆದು ಸಪಾಟಾಗುತ್ತವೆ. ಆರಂಭಿಕರು ಅಂಥ ಬರಹ ಓದಲಾಗದೆ ಸೋತರೆ ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ.

ಎರಡನೆಯ ಪರೀಕ್ಷೆ ಬಿರುಕುಗಳದ್ದು. ಅಲಿಫ್, ದಾಲ್, ಝಾಲ್, ರಾ, ಝಾಯ್, ವಾವ್ ಎಂಬ ಆರು ಅಕ್ಷರಗಳು ತಮ್ಮ ಹಿಂದಿನ ಅಕ್ಷರಕ್ಕೆ ಅಂಟಿಕೊಳ್ಳುತ್ತವೆಯೇ ಹೊರತು ಮುಂದಿನದಕ್ಕೆ ಕೈ ಚಾಚುವುದಿಲ್ಲ. ಆದ್ದರಿಂದ ಒಂದೇ ಪದದೊಳಗೆ ಬಿರುಕು ಕಾಣುತ್ತದೆ. 'ಕಿತಾಬ್' ಎಂಬುದರಲ್ಲಿ ಕಾಫ್, ತಾ, ಅಲಿಫ್ ಒಂದು ತುಂಡು. ಅಲಿಫ್ ಮುಂದಕ್ಕೆ ಸೇರದ ಕಾರಣ ಕೊನೆಯ ಬಾ ಒಂಟಿ ರೂಪದಲ್ಲಿ ಬೇರೆಯಾಗಿ ನಿಲ್ಲುತ್ತದೆ. 'ದಾರ್' ಎಂಬ ಪದದ ಮೂರಕ್ಕೆ ಮೂರೂ ಅಕ್ಷರಗಳು ಬಿಡಿಬಿಡಿಯಾಗಿಯೇ ಇರುತ್ತವೆ. ಬಿರುಕು ಕಂಡಲ್ಲೆಲ್ಲ ಪದ ಮುಗಿಯಿತು ಎಂದು ಭಾವಿಸುವ ಓದುಗ ಒಂದು ಪದವನ್ನು ಎರಡು ಮಾಡಿಕೊಂಡು ನಿಘಂಟಿನಲ್ಲಿ ಇಲ್ಲದ್ದನ್ನು ಹುಡುಕುತ್ತಾನೆ. ಬಿರುಕಿಗೆ ಮೊದಲಿನ ಅಕ್ಷರ ಈ ಆರರಲ್ಲಿ ಒಂದಾಗಿದ್ದರೆ ಪದ ಇನ್ನೂ ಮುಂದುವರಿಯುತ್ತಿರಬಹುದು ಎಂದು ತಿಳಿಯಬೇಕು.

ಪಟ್ಟಿಯಲ್ಲೇ ಇಲ್ಲದ ಅಕ್ಷರ ಎದುರಾದರೆ, ಉದಾಹರಣೆಗೆ ಬಾ ಅಕ್ಷರದ ಕೆಳಗೆ ಮೂರು ಚುಕ್ಕೆ ಕಂಡರೆ, ಬಹುಶಃ ನೀವು ಓದುತ್ತಿರುವುದು ಅರೇಬಿಕ್ ಅಲ್ಲ. ಪ, ಚ, ಗ ಧ್ವನಿಗಳಿಗಾಗಿ ಪಾರ್ಸಿಯಲ್ಲಿ ಸೇರಿಸಿಕೊಂಡ ಅಕ್ಷರಗಳು ಉರ್ದುವಿನಲ್ಲೂ ಇವೆ.

ಲಕ್ಷಣ: ಅಕ್ಷರಗಳೆಲ್ಲ ಗುರುತಾದವು, ಆದರೂ ಪದ ಬಾಯಿಗೆ ಬರುತ್ತಿಲ್ಲ

ಕನ್ನಡ ಓದುವವರಿಗೆ ಈ ತೊಂದರೆ ಹೆಚ್ಚು ಕಾಡುತ್ತದೆ, ಏಕೆಂದರೆ ನಮ್ಮ ಗುಣಿತಾಕ್ಷರದಲ್ಲಿ ಸ್ವರ ಎಂದೂ ಮರೆಯಾಗುವುದಿಲ್ಲ. ಅರೇಬಿಕ್‌ನ ದಿನಬಳಕೆಯ ಬರವಣಿಗೆಯಲ್ಲಿ ದೀರ್ಘ ಸ್ವರಗಳನ್ನು ಮಾತ್ರ ಅಲಿಫ್, ವಾವ್, ಯಾ ಮೂಲಕ ಬರೆಯುತ್ತಾರೆ. ಹ್ರಸ್ವ ಸ್ವರಗಳನ್ನು ಓದುಗನೇ ತುಂಬಿಕೊಳ್ಳಬೇಕು. ಕಾಫ್, ತಾ, ಬಾ ಎಂಬ ಮೂರು ಅಕ್ಷರಗಳ ಒಂದೇ ಬರಹವನ್ನು ಸಂದರ್ಭಕ್ಕೆ ತಕ್ಕಂತೆ 'ಕತಬ' (ಅವನು ಬರೆದನು) ಎಂದೋ 'ಕುತಿಬ' (ಬರೆಯಲ್ಪಟ್ಟಿತು) ಎಂದೋ 'ಕುತುಬ್' (ಪುಸ್ತಕಗಳು) ಎಂದೋ ಓದಬೇಕಾಗುತ್ತದೆ. ಇಲ್ಲಿ ಓದಲಾಗದಿರುವುದಕ್ಕೆ ಅಕ್ಷರಜ್ಞಾನದ ಕೊರತೆ ಕಾರಣವಲ್ಲ, ಪದಪರಿಚಯ ಸಾಲದಿರುವುದು ಕಾರಣ.

ಪರಿಹಾರವಾಗಿ ಮೊದಲ ಕೆಲವು ತಿಂಗಳು ಹರಕತ್ ಗುರುತುಗಳಿರುವ ಪಠ್ಯವನ್ನೇ ಓದಿ: ಮೇಲೆ ಓರೆಗೆರೆಯಾದ ಫತ್ಹಾ 'ಅ' ಸ್ವರಕ್ಕೆ, ಕೆಳಗೆ ಓರೆಗೆರೆಯಾದ ಕಸ್ರಾ 'ಇ'ಗೆ, ಮೇಲೆ ಪುಟ್ಟ ವಾವ್‌ನಂತಿರುವ ದಮ್ಮಾ 'ಉ'ಗೆ, ಸ್ವರವಿಲ್ಲ ಎನ್ನಲು ಸುಕೂನ್, ದ್ವಿತ್ವಕ್ಕೆ ಶದ್ದಾ. ಜೊತೆಗೆ ಪದಗಳನ್ನು ಒಂದೊಂದಾಗಿ ಅಲ್ಲ, ಕುಟುಂಬವಾಗಿ ಕಲಿಯಿರಿ. ಕಿತಾಬ್, ಕಾತಿಬ್ (ಬರೆಯುವವನು), ಮಕ್ತೂಬ್ (ಬರೆದದ್ದು), ಮಕ್ತಬಾ (ಗ್ರಂಥಾಲಯ) ಎಲ್ಲವೂ ಅದೇ ಮೂರು ಅಕ್ಷರಗಳ ಧಾತುವಿನಿಂದ ಬಂದವು. ಅಚ್ಚು ಪರಿಚಯವಾದಂತೆ ಕಾಣದ ಸ್ವರ ತಾನಾಗಿ ಕೇಳಿಸತೊಡಗುತ್ತದೆ.

ನಾಮಪದಕ್ಕೆ ಮೊದಲು ಸೇರುವ 'ಅಲ್' (ಇಂಗ್ಲಿಷಿನ 'ದಿ' ಇದ್ದಂತೆ) ಬರೆದಿರುವುದು ಒಂದು, ಕೇಳಿಸುವುದು ಬೇರೆ ಎಂಬ ದೂರು ಬಂದರೆ ಅದು ಸೂರ್ಯಾಕ್ಷರಗಳ ನಿಯಮ. 28 ಅಕ್ಷರಗಳಲ್ಲಿ 14ರಲ್ಲಿ ಯಾವುದಾದರೂ 'ಅಲ್' ನಂತರ ಬಂದರೆ ಅದರ ಲಾಮ್ ('ಲ' ಅಕ್ಷರ) ತನ್ನ ಧ್ವನಿ ಬಿಟ್ಟುಕೊಟ್ಟು ಮುಂದಿನ ಅಕ್ಷರವನ್ನು ಇಮ್ಮಡಿಸುತ್ತದೆ: ಬರೆಯುವುದು ಅಲ್-ಶಮ್ಸ್, ಓದುವುದು ಅಶ್ಶಮ್ಸ್. ಟೈಪಿಸುವಾಗ ಲಾಮ್ ಬಿಡಬಾರದು.

ಲಕ್ಷಣ: ಕೇಳಿದಂತೆಯೇ ಬರೆದೆ, ಆದರೆ ಬೇರೆ ಪದವಾಯಿತು

ನಮ್ಮ ಕಿವಿಗೆ ಒಂದೇ 'ಕ', ಒಂದೇ 'ತ', ಒಂದೇ 'ಸ'. ಅರೇಬಿಕ್‌ಗೆ ಇವು ಜೋಡಿಗಳು. ಕಾಫ್‌ನಿಂದ ಶುರುವಾದ 'ಕಲ್ಬ್' ನಾಯಿ. ಮೇಲೆ ಎರಡು ಚುಕ್ಕೆಯ, ಗಂಟಲಿನ ಆಳದ ಖಾಫ್‌ನಿಂದ ಶುರುವಾದರೆ ಅದು ಹೃದಯ. ಸೀನ್‌ನ 'ಸೈಫ್' ಖಡ್ಗ, ಸ್ವಾದ್‌ನ 'ಸೈಫ್' ಬೇಸಿಗೆ. ತಾ ಅಕ್ಷರದ 'ತೀನ್' ಅಂಜೂರ, ತ್ವಾ ಅಕ್ಷರದ 'ತೀನ್' ಕೆಸರು. ಇಲ್ಲಿ ಕೊಟ್ಟಿರುವ ಕನ್ನಡ ಬರಹವೇ ಎರಡನ್ನೂ ಒಂದಾಗಿಸಿದೆ ಎಂಬುದನ್ನು ಗಮನಿಸಿ. ಪುಸ್ತಕದ ಅರೇಬಿಕ್ ಪದದ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಉಚ್ಚಾರ ಬರೆದುಕೊಳ್ಳುವ ಅಭ್ಯಾಸವನ್ನು ನಾನು ಗಟ್ಟಿಯಾಗಿ ವಿರೋಧಿಸುವುದು ಇದೇ ಕಾರಣಕ್ಕೆ: ಕಣ್ಣು ಪರಿಚಿತ ಅಕ್ಷರಕ್ಕೆ ಹಾರಿಬಿಡುತ್ತದೆ, ಕೆಳಗಿರುವ ವ್ಯತ್ಯಾಸ ಮನಸ್ಸಿಗೆ ಇಳಿಯುವುದೇ ಇಲ್ಲ. ಕಿವಿಯನ್ನು ಪಳಗಿಸಲು ಜೋಡಿಪದಗಳನ್ನು ಬಲ್ಲವರಿಂದ ಓದಿಸಿಕೊಂಡು ಅಕ್ಷರದ ಹೆಸರು ಹೇಳುವ ಅಭ್ಯಾಸ ಮಾಡಿ. ಗಂಟಲಿನ 'ಹಾ', ದುಂಡು 'ಹಾ', ಐನ್ ಇವು ಮೂರನ್ನು ಬರಹದಿಂದಲೇ ಕಲಿಯಲು ಹೋಗಬೇಡಿ; ಒಬ್ಬ ಗುರು ಬೇಕು.

ಲಕ್ಷಣ: ಒತ್ತಿದ ಕೀ ಒಂದು, ಬಂದ ಅಕ್ಷರ ಇನ್ನೊಂದು

ಮೊದಲು ಕೀಲಿಮಣೆಯ ವಿನ್ಯಾಸದ ಹೆಸರು ನೋಡಿ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಬಳಸುವುದು 'ಅರೇಬಿಕ್ 101'. 102 ಮತ್ತು ಅಝರ್ಟಿ ವಿನ್ಯಾಸಗಳಲ್ಲಿ, ಮ್ಯಾಕ್‌ನ ವಿನ್ಯಾಸಗಳಲ್ಲಿ ಕೆಲವು ಕೀಗಳ ಜಾಗ ಬೇರೆ. 101ರಲ್ಲಿ ಅಕ್ಷರಗಳು ಇಂಗ್ಲಿಷ್ ಧ್ವನಿಗೆ ಹೊಂದಿಕೊಂಡಿಲ್ಲ: ಬಾ ಇರುವುದು ಎಫ್ ಕೀಯಲ್ಲಿ, ಯಾ ಡಿಯಲ್ಲಿ, ತಾ ಜೆಯಲ್ಲಿ, ನೂನ್ ಕೆಯಲ್ಲಿ, ಲಾಮ್ ಜಿಯಲ್ಲಿ, ಅಲಿಫ್ ಎಚ್‌ನಲ್ಲಿ. ಮೇಲೆ ಹೇಳಿದ ಮೂರು ಪದಗಳು ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತವೆ. ಬೈತ್‌ಗೆ ಎಫ್, ಡಿ, ಜೆ. ಬಿಂತ್‌ಗೆ ಎಫ್, ಕೆ, ಜೆ. ನಬ್ತ್‌ಗೆ ಕೆ, ಎಫ್, ಜೆ. ಮೂರೂ ನಡುಸಾಲಿನಲ್ಲೇ ಇವೆ, ಎಫ್ ಮತ್ತು ಜೆ ಮೇಲಿನ ಉಬ್ಬುಗೆರೆ ಬೆರಳಿಗೆ ತಾಗುತ್ತದೆ, ಕೀಲಿಮಣೆ ನೋಡದೆಯೇ ಅಭ್ಯಾಸ ಮಾಡಬಹುದು. ಈ ಮೂರು ಪದ ಸರಿಯಾಗಿ ಬಂದರೆ ವಿನ್ಯಾಸ ಸರಿಯಿದೆ, ದೋಷ ಬೆರಳಿನದು.

ಲಾಮ್-ಅಲಿಫ್ ಜೋಡಿಯ ನಡವಳಿಕೆ ಹೊಸಬರನ್ನು ಗಾಬರಿಗೊಳಿಸುತ್ತದೆ. ಬಿ ಕೀ ಒಂದೇ ಸಲಕ್ಕೆ ಈ ಎರಡು ಅಕ್ಷರಗಳನ್ನು ಒಟ್ಟಿಗೆ ಹಾಕುತ್ತದೆ, ಎರಡೂ ಸೇರಿ ಒಂದೇ ಆಕಾರವಾಗಿ ಕಾಣುತ್ತವೆ. ಆಮೇಲೆ ಅಳಿಸಲು ಬ್ಯಾಕ್‌ಸ್ಪೇಸ್ ಒತ್ತಿದರೆ ಅಲಿಫ್ ಮಾತ್ರ ಹೋಗಿ ಲಾಮ್ ಉಳಿಯುತ್ತದೆ. ಇದು ಕೆಟ್ಟದ್ದಲ್ಲ, ಒಳಗಿದ್ದದ್ದು ಎರಡು ಅಕ್ಷರ, ಅಷ್ಟೆ.

ಸ್ವರಚಿಹ್ನೆಗಳು ಬರುತ್ತಿಲ್ಲ ಎಂದರೆ ಶಿಫ್ಟ್ ಹಿಡಿದು ನೋಡಿ: ಕ್ಯೂ ಫತ್ಹಾ, ಇ ದಮ್ಮಾ, ಎ ಕಸ್ರಾ, ಎಕ್ಸ್ ಸುಕೂನ್. ಚಿಹ್ನೆಯನ್ನು ಯಾವಾಗಲೂ ಅಕ್ಷರದ ನಂತರ ಒತ್ತಬೇಕು. ಮೇಲೆ ಹಮ್ಝಾ (ಗಂಟಲಿನ ತಡೆಯನ್ನು ಸೂಚಿಸುವ ಪುಟ್ಟ ಗುರುತು) ಇರುವ ಅಲಿಫ್‌ಗೆ ಶಿಫ್ಟ್ ಮತ್ತು ಎಚ್. ಫೋನಿನಲ್ಲಾದರೆ ಅಲಿಫ್ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಹಮ್ಝಾ ರೂಪಗಳು ತೆರೆದುಕೊಳ್ಳುತ್ತವೆ.

ಎಚ್ಚರಿಕೆ: ಅರೇಬಿಕ್ ವಿನ್ಯಾಸ ಚಾಲೂ ಇರುವಾಗಲೇ ಪಾಸ್‌ವರ್ಡ್ ಬದಲಿಸಬೇಡಿ. ಪೆಟ್ಟಿಗೆಯಲ್ಲಿ ಚುಕ್ಕೆ ಮಾತ್ರ ಕಾಣುವುದರಿಂದ ಯಾವ ಲಿಪಿ ಒಳಗೆ ಹೋಯಿತೆಂದು ತಿಳಿಯುವುದಿಲ್ಲ, ಮುಂದಿನ ಸಲ ಬಾಗಿಲು ತೆರೆಯುವುದಿಲ್ಲ. ಅಪರಿಚಿತರ ಕೀಲಿಮಣೆ ಆ್ಯಪ್‌ಗಳನ್ನೂ ಹಾಕಿಕೊಳ್ಳಬೇಡಿ. ಕೀಲಿಮಣೆ ಆ್ಯಪ್‌ಗೆ ನೀವು ಒತ್ತುವುದೆಲ್ಲವೂ ಗೊತ್ತಾಗುತ್ತದೆ, ಮತ್ತು ಫೋನಿನ ಸೆಟ್ಟಿಂಗ್‌ನಲ್ಲೇ ಅರೇಬಿಕ್ ಸೇರಿಸಿಕೊಳ್ಳಲು ಅವಕಾಶವಿದೆ.

ಲಕ್ಷಣ: ಅಕ್ಷರಗಳು ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ತಲೆಕೆಳಗಾಗಿ ಕಾಣುತ್ತಿವೆ

ಕನ್ನಡದ ಒತ್ತಕ್ಷರ ಒಡೆದು, ಹಲಂತ ಚಿಹ್ನೆಯ (್) ಬಾಲದೊಂದಿಗೆ ಸಾಲಾಗಿ ನಿಂತದ್ದನ್ನು ನೋಡಿದವರಿಗೆ ಈ ರೋಗ ಪರಿಚಿತ. ಕಾರಣವೂ ಅದೇ: ಅಕ್ಷರಗಳನ್ನು ಜೋಡಿಸಿ ಆಕಾರ ಕೊಡುವ ಕೆಲಸವನ್ನು ಆ ತಂತ್ರಾಂಶ ಮಾಡುತ್ತಿಲ್ಲ. ಬ್ರೌಸರ್‌ನಲ್ಲಿ ಸರಿಯಾಗಿ ಕಂಡು, ಚಿತ್ರ ವಿನ್ಯಾಸದ ತಂತ್ರಾಂಶಕ್ಕೆ ಅಂಟಿಸಿದ ಕೂಡಲೇ ಒಡೆದರೆ ಪಠ್ಯವನ್ನು ಮುಟ್ಟಬೇಡಿ. ಅಡೋಬಿಯ ತಂತ್ರಾಂಶಗಳಲ್ಲಿ ವರ್ಲ್ಡ್-ರೆಡಿ ಜೋಡಣೆಯ ಆಯ್ಕೆಯನ್ನು ಹಾಕಿಕೊಳ್ಳಬೇಕು. ಪೈಥಾನ್‌ನಲ್ಲಿ ಚಿತ್ರ ರಚಿಸುವ ಪಿಲ್ಲೋ ಬಳಸುವವರಿಗೆ ರಾಕಮ್ ಎಂಬ ಲೈಬ್ರರಿಯ ಬೆಂಬಲ ಬೇಕು. ಜಾಲಪುಟದಲ್ಲಿ ಅಕ್ಷರಗಳ ನಡುವಿನ ಅಂತರವನ್ನು ಹೆಚ್ಚಿಸಿದ್ದರೂ ಕೂಡುಗೆರೆ ಕಡಿದುಹೋಗುತ್ತದೆ. ಆ ಅಂತರವನ್ನು ಸೊನ್ನೆಗೆ ತನ್ನಿ.

ಪಠ್ಯವನ್ನೇ ಹಿಂದುಮುಂದಾಗಿ ಟೈಪಿಸಿ ಚಿತ್ರದಲ್ಲಿ ಸರಿ ಕಾಣುವಂತೆ ಮಾಡುವ ಉಪಾಯ ಹಲವರಿಗೆ ಹೊಳೆಯುತ್ತದೆ. ದಯವಿಟ್ಟು ಮಾಡಬೇಡಿ. ಅಂಥ ಪಠ್ಯ ಹುಡುಕಾಟಕ್ಕೆ ಸಿಗುವುದಿಲ್ಲ, ಸರಿಯಾದ ತಂತ್ರಾಂಶದಲ್ಲಿ ತೆರೆದಾಗ ತಲೆಕೆಳಗಾಗುತ್ತದೆ, ಮತ್ತು ದೃಷ್ಟಿಯಿಲ್ಲದವರಿಗೆ ಓದಿ ಹೇಳುವ ತಂತ್ರಾಂಶ ಅದನ್ನು ಅರ್ಥವಿಲ್ಲದ ಸದ್ದಾಗಿಸುತ್ತದೆ.

ಲಕ್ಷಣ: ಪೂರ್ಣವಿರಾಮ, ಆವರಣ, ಅಂಕಿಗಳು ಜಾಗ ಬದಲಿಸುತ್ತಿವೆ

ಅಕ್ಷರಗಳಿಗೆ ತಮ್ಮದೇ ದಿಕ್ಕಿದೆ; ವಿರಾಮಚಿಹ್ನೆಗಳಿಗೆ ಇಲ್ಲ, ಅವು ಸುತ್ತಲಿನವರನ್ನು ನೋಡಿ ದಿಕ್ಕು ಹಿಡಿಯುತ್ತವೆ. ಪ್ಯಾರಾ ಎಡದಿಂದ ಬಲಕ್ಕೆ ಎಂದು ಗೊತ್ತುಪಡಿಸಿದ್ದರೆ ಅರೇಬಿಕ್ ವಾಕ್ಯದ ಕೊನೆಯ ಚುಕ್ಕೆ ಬಲತುದಿಗೆ, ಅಂದರೆ ವಾಕ್ಯದ ಆರಂಭಕ್ಕೆ ಹಾರುತ್ತದೆ. ವಾಕ್ಯವನ್ನು ಬಲಕ್ಕೆ ಸರಿಸಿ ನಿಲ್ಲಿಸುವುದರಿಂದ ಇದು ಸರಿಯಾಗುವುದಿಲ್ಲ. ಪ್ಯಾರಾದ ದಿಕ್ಕನ್ನೇ ಬದಲಿಸಬೇಕು. ವಿಂಡೋಸ್‌ನ ಅನೇಕ ತಂತ್ರಾಂಶಗಳಲ್ಲಿ ಕಂಟ್ರೋಲ್ ಮತ್ತು ಬಲಗಡೆಯ ಶಿಫ್ಟ್ ಒಟ್ಟಿಗೆ ಒತ್ತಿದರೆ ಸಾಕು.

ಅಂಕಿಗಳ ವಿಚಾರದಲ್ಲಿ ಹೆಚ್ಚು ಜಾಗರೂಕತೆ ಬೇಕು. ಅರೇಬಿಕ್ ವಾಕ್ಯದೊಳಗೂ ಸಂಖ್ಯೆ ಎಡದಿಂದ ಬಲಕ್ಕೇ ಸಾಗುತ್ತದೆ, ಆದರೆ ನಡುವೆ ಅಡ್ಡಗೆರೆ ಬಂದರೆ ತುಂಡುಗಳು ಅದಲುಬದಲಾಗಬಹುದು: 12-05 ಎಂದು ಟೈಪಿಸಿದ್ದು 05-12 ಎಂದು ಕಾಣಬಹುದು. ದಿನಾಂಕ, ದೂರವಾಣಿ ಸಂಖ್ಯೆ, ಔಷಧದ ಪ್ರಮಾಣ ಇಂಥವನ್ನು ಕಳುಹಿಸುವ ಮೊದಲು ತೋರುವ ರೂಪದಲ್ಲಿ ಪರಿಶೀಲಿಸಿ. ಪೂರ್ವದ ಅರಬ್ ದೇಶಗಳಲ್ಲಿ ಬಳಸುವ ಅಂಕಿಗಳಲ್ಲಿ ಸೊನ್ನೆ ಒಂದು ಚುಕ್ಕೆ, ಐದು ಒಂದು ದುಂಡು ಬಳೆ. ಬಳೆಯನ್ನು ಸೊನ್ನೆಯೆಂದು ಓದಿದರೆ ಲೆಕ್ಕವೇ ತಪ್ಪುತ್ತದೆ.

ಇದೇ ದಿಕ್ಕು ಬದಲಿಸುವ ಅದೃಶ್ಯ ಗುರುತುಗಳನ್ನು ಮೋಸಕ್ಕೂ ಬಳಸುತ್ತಾರೆ: ಕಡತದ ಹೆಸರಿನ ಕೊನೆಯನ್ನು ತಿರುಗಿಸಿ, ಓಡುವ ಪ್ರೋಗ್ರಾಮನ್ನು ಚಿತ್ರವೆಂಬಂತೆ ತೋರಿಸುತ್ತಾರೆ. ಅಪರಿಚಿತರಿಂದ ಬಂದ, ಹೆಸರಿನಲ್ಲಿ ದಿಕ್ಕು ಗೊಂದಲವಿರುವ ಕಡತವನ್ನು ತೆರೆಯಬೇಡಿ.

ಲಕ್ಷಣ: ಕಣ್ಣಿಗೆ ಒಂದೇ ಪದ, ಹುಡುಕಿದರೆ ಸಿಗುವುದಿಲ್ಲ

ಇದು ಬಹಳ ಹೊತ್ತು ತಿನ್ನುವ ದೋಷ, ಏಕೆಂದರೆ ಕಾಣುವಂಥ ತಪ್ಪೇನೂ ಇರುವುದಿಲ್ಲ. ಹೆಚ್ಚಾಗಿ ಆಗಿರುವುದು ಇಷ್ಟು: ಉರ್ದು ಅಥವಾ ಪಾರ್ಸಿ ಕೀಲಿಮಣೆಯಲ್ಲಿ ಅರೇಬಿಕ್ ಟೈಪಿಸಲಾಗಿದೆ. ಅವುಗಳ ಕಾಫ್ ಮತ್ತು ಯಾ ಬೇರೆ ಸಂಕೇತಗಳು. 'ಕುರ್ಸಿ' (ಕುರ್ಚಿ) ಎಂದು ಬರೆದಾಗ ಕೊನೆಯ ಯಾ ಅಕ್ಷರದ ಕೆಳಗಿನ ಎರಡು ಚುಕ್ಕೆಗಳು ಮಾಯವಾಗಿದ್ದರೆ ಅನುಮಾನಿಸಿ. 'ಮಲಿಕ್' (ರಾಜ) ಎಂಬುದರ ಕೊನೆಯ ಕಾಫ್‌ನ ಹೊಟ್ಟೆಯಲ್ಲಿ ಪುಟ್ಟ ಗುರುತಿರುವ ಬದಲು ಮೇಲೆ ಓರೆಗೆರೆ ಮಾತ್ರ ಇದ್ದರೂ ಹಾಗೆಯೇ. ಆದರೆ ಪದದ ಮೊದಲಲ್ಲಿ, ನಡುವೆ ಈ ಅಕ್ಷರಗಳು ತದ್ರೂಪು. ಅಲ್ಲಿ ಕಣ್ಣನ್ನು ನಂಬುವಂತಿಲ್ಲ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಅಕ್ಷರ ಮುಗಿದ ಕೂಡಲೇ ಅದರ ನಂತರ ಕರ್ಸರ್ ಇಟ್ಟು ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಸಂಕೇತ ಕಾಣುತ್ತದೆ. ಅರೇಬಿಕ್ ಕಾಫ್ 0643, ಪಾರ್ಸಿ-ಉರ್ದು ಕಾಫ್ 06ಎ9. ಅರೇಬಿಕ್ ಯಾ 064ಎ, ಪಾರ್ಸಿ ಯಾ 06ಸಿಸಿ, ಪದದ ಕೊನೆಯಲ್ಲಿ 'ಆ' ಎಂದು ಓದುವ, ಚುಕ್ಕೆಯಿಲ್ಲದ ಅಲಿಫ್ ಮಕ್ಸೂರಾ 0649. ಪದವನ್ನು ಅಂದವಾಗಿ ಎಳೆಯಲು ಬಳಸುವ ತತ್ವೀಲ್ ಗೆರೆಯೂ (0640) ಒಂದು ಸಂಕೇತವೇ. ಅದಿದ್ದರೂ ಹುಡುಕಾಟ ತಪ್ಪಬಹುದು. ಸ್ವರಚಿಹ್ನೆಗಳ ವಿಷಯದಲ್ಲೂ ಅಷ್ಟೇ.

ಒಟ್ಟಿಗೆ ಬದಲಾಯಿಸಲು ಹೊರಡುವ ಮುನ್ನ ಒಂದು ಮಾತು. ಈಜಿಪ್ಟಿನ ಮುದ್ರಣದಲ್ಲಿ ಕೊನೆಯ ಯಾ ಅಕ್ಷರಕ್ಕೆ ಚುಕ್ಕೆ ಹಾಕದಿರುವ ರೂಢಿಯಿದೆ. ಅಲ್ಲಿ 'ಅಲೀ' ಎಂಬ ಹೆಸರು ಮತ್ತು 'ಅಲಾ' (ಮೇಲೆ) ಎಂಬ ಪದ ಒಂದೇ ರೀತಿ ಕಾಣುತ್ತವೆ. ಚುಕ್ಕೆಯಿಲ್ಲದ್ದನ್ನೆಲ್ಲ ಒಂದೇ ಏಟಿಗೆ ಚುಕ್ಕೆಯಿರುವುದಾಗಿ ಮಾರ್ಪಡಿಸಿದರೆ ಸರಿಯಿದ್ದ 'ಅಲಾ'ಗಳೆಲ್ಲ ಕೆಡುತ್ತವೆ. ಪ್ರತಿ ತೆಗೆದಿಟ್ಟುಕೊಂಡು, ಒಂದೊಂದೇ ನೋಡುತ್ತ ಬದಲಾಯಿಸಿ.

ಲಕ್ಷಣ: ಖಾಲಿ ಚೌಕಗಳು, ಪ್ರಶ್ನಾರ್ಥಕ ಚಿಹ್ನೆಗಳು, ಅಥವಾ ವಿಚಿತ್ರ ರೋಮನ್ ಅಕ್ಷರಗಳು

ಮೂರೂ ಬೇರೆ ಬೇರೆ ರೋಗಗಳು. ಚೌಕ ಕಂಡರೆ ಫಾಂಟ್‌ನಲ್ಲಿ ಆ ಅಕ್ಷರವಿಲ್ಲ. ಫಾಂಟ್ ಬದಲಿಸಿದರೆ ಮುಗಿಯಿತು. ಅಡ್ಡಗೆರೆ ಎಳೆದ ಓ, ತಲೆಯ ಮೇಲೆ ಗುರುತಿರುವ ಯು ಎಂಬ ರೋಮನ್ ಅಕ್ಷರಗಳು ಮತ್ತೆ ಮತ್ತೆ ಬರುತ್ತಿದ್ದರೆ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಪದ್ಧತಿ) ಪಠ್ಯವನ್ನು ತಂತ್ರಾಂಶ ಹಳೆಯ ಪಾಶ್ಚಾತ್ಯ ಸಂಕೇತವೆಂದು ಓದುತ್ತಿದೆ. ಯುಟಿಎಫ್-8ರಲ್ಲಿ ಪ್ರತಿ ಅರೇಬಿಕ್ ಅಕ್ಷರಕ್ಕೆ ಎರಡು ಬೈಟ್. ಮೂಲ ಅಕ್ಷರಗಳ ಮೊದಲ ಬೈಟ್ ಯಾವಾಗಲೂ 216 ಅಥವಾ 217 ಆಗಿರುವುದರಿಂದಲೇ ಆ ಎರಡು ಆಕಾರಗಳು ಹಾಗೆ ಮರುಕಳಿಸುತ್ತವೆ. ಕಡತವನ್ನು ಉಳಿಸದೆ ಮುಚ್ಚಿ, ಯುಟಿಎಫ್-8 ಎಂದು ಹೇಳಿ ಮತ್ತೆ ತೆರೆಯಿರಿ. ಹಳೆಯ ಕಡತಗಳು ಬೇರೆ ರೀತಿಯಲ್ಲಿ ಕೆಟ್ಟು ಕಂಡರೆ ವಿಂಡೋಸ್-1256 ಎಂಬ ಸಂಕೇತವನ್ನು ಪ್ರಯತ್ನಿಸಿ.

ಸಾಲು ತುಂಬ ಪ್ರಶ್ನಾರ್ಥಕ ಚಿಹ್ನೆಗಳೇ ಇದ್ದರೆ ಅಲ್ಲಿಗೆ ನಿಲ್ಲಿಸಿ. ಅರೇಬಿಕ್ ಗೊತ್ತಿಲ್ಲದ ಸಂಕೇತದಲ್ಲಿ ಯಾರೋ ಉಳಿಸಿದ್ದಾರೆ, ಅಕ್ಷರಗಳು ಆಗಲೇ ಅಳಿದುಹೋಗಿವೆ. ಯಾವ ಫಾಂಟೂ ಅವನ್ನು ಹಿಂದಿರುಗಿಸದು. ಮೂಲ ಪ್ರತಿ ಯಾರ ಬಳಿ ಇದೆಯೋ ಅವರನ್ನು ಕೇಳಬೇಕು.

ಯಾವಾಗ ಬಲ್ಲವರ ಕೈಗೆ ಒಪ್ಪಿಸಬೇಕು

ಕುರಾನಿನ ವಾಕ್ಯಗಳನ್ನು ಅಕ್ಷರ ಅಕ್ಷರವಾಗಿ ನೀವೇ ಟೈಪಿಸಲು ಹೋಗಬೇಡಿ. ಅದರ ಬರವಣಿಗೆ ದಿನಬಳಕೆಯ ಕಾಗುಣಿತದಿಂದ ಹಲವೆಡೆ ಭಿನ್ನ: 'ಸಲಾತ್' ಎಂಬ ಪದದಲ್ಲಿ ಅಲಿಫ್ ನಿರೀಕ್ಷಿಸುವ ಜಾಗದಲ್ಲಿ ವಾವ್ ಇರುತ್ತದೆ. ಪರಿಶೀಲಿಸಿದ ಪಠ್ಯದಿಂದ ತೆಗೆದುಕೊಂಡು, ಓದಬಲ್ಲವರಿಗೆ ತೋರಿಸಿ. ಪಾಸ್‌ಪೋರ್ಟ್, ವೀಸಾ ಮುಂತಾದ ದಾಖಲೆಗಳಲ್ಲಿ ಹೆಸರನ್ನು ಧ್ವನಿಯಿಂದ ಊಹಿಸಬೇಡಿ. ಹಿಂದಿನ ದಾಖಲೆಯಲ್ಲಿ ಯಾವ ಅಕ್ಷರಗಳಿವೆಯೋ ಅವನ್ನೇ ಇಡಿ. ಗಾತ್ರ ಹೆಚ್ಚಿಸಿದರೂ ಚುಕ್ಕೆಗಳು ಜೋಡಿಯಾಗಿ ಕಂಡರೆ, ಕನ್ನಡದ ಸಾಲುಗಳೂ ಮಸುಕಾದರೆ, ಕಣ್ಣಿನ ವೈದ್ಯರನ್ನು ಕಾಣುವುದೇ ಮುಂದಿನ ಹೆಜ್ಜೆ.

ಫಲಕ, ಹಚ್ಚೆ, ಕೆತ್ತನೆ, ಆಮಂತ್ರಣ ಇಂಥ ಅಳಿಸಲಾಗದ ಕೆಲಸಗಳಲ್ಲಿ ನೀವು ಕಳುಹಿಸಿದ ಕಡತವನ್ನು ಪರೀಕ್ಷಿಸಿದರೆ ಸಾಲದು. ಕೆಲಸ ಮಾಡುವವರ ತಂತ್ರಾಂಶದಲ್ಲಿ ಅಕ್ಷರಗಳು ಒಡೆಯುವ ಸಂಭವ ಇರುವುದರಿಂದ ಅವರಿಂದಲೇ ನೈಜ ಗಾತ್ರದ ಕರಡು ತರಿಸಿಕೊಳ್ಳಿ. ಪದಗಳೊಳಗಿನ ಬಿರುಕುಗಳು ಆ ಆರು ಅಕ್ಷರಗಳ ನಂತರ ಮಾತ್ರ ಇವೆಯೇ ಎಂದು ನೋಡಿ, ಪ್ರತಿ ಹಲ್ಲಿನ ಚುಕ್ಕೆಗಳನ್ನು ಬಲದಿಂದ ಎಡಕ್ಕೆ ಎಣಿಸಿ, ಆಮೇಲೆ ಅರೇಬಿಕ್ ಮಾತೃಭಾಷೆಯವರೊಬ್ಬರ ಬಾಯಿಂದ ಅದನ್ನು ಗಟ್ಟಿಯಾಗಿ ಓದಿಸಿ, ನೀವು ಬರೆಯಲು ಬಯಸಿದ ಪದವೇ ಕೇಳಿಸಿದರೆ ಒಪ್ಪಿಗೆ ಕೊಡಿ.